ತಳದ ತೂತು

ಮೊದಲು ತಲೆಕೆಳಗು ಮಾಡಿ ನೋಡುತ್ತೇನೆ.
ಗುಜರಿ ಅಂಗಡಿಯ ಬಾಷು ನಗುತ್ತಾನೆ:
'ಹೆಣ್ಣು ನೋಡೋಕೆ ಹೋದೋನು
ಹಿಮ್ಮಡಿ ನೋಡಿದ ಹಾಗಾಯ್ತು ಸಾರ್.'
ನಗಲಿ. ಹೂಕುಂಡದ ಜಾತಕ ಇರುವುದು ತಳದಲ್ಲೇ:
ಮಾಸಿದ ಕಿರೀಟ, ಅರ್ಧ ಅಳಿಸಿದ ಊರ ಹೆಸರು,
ನಡುವೆ, ಬೆರಳು ತೂರುವಷ್ಟು, ತೂತು.

ತೂತಿದ್ದರೆ ಅವನಿಗೆ ಅರ್ಧ ರೇಟು.
ನನಗೆ ಅದೇ ಗುರುತು:
ಸೂಪಿನ ಬೋಗುಣಿಯಲ್ಲ, ಮುಖ ತೊಳೆಯುವ ಬೇಸಿನ್ನಲ್ಲ,
ವಿಕ್ಟೋರಿಯಾ ರಾಣಿಯ ಕಾಲದಲ್ಲಿ
ಗಿಡ ನಿಲ್ಲಲೆಂದೇ ಸುಟ್ಟು, ಹಡಗು ಹತ್ತಿಸಿ
ಕೋಲಾರದ ಈ ಕೆಂಪು ಧೂಳಿಗೆ ಇಳಿಸಿದ್ದು.

ನಾನು ಎಲ್ಲೈಸಿ ಏಜೆಂಟು. ಇಪ್ಪತ್ತಾರು ವರ್ಷ
ರಾಬರ್ಟ್‌ಸನ್‌ಪೇಟೆ, ಉರಿಗಾಂ, ಮಾರಿಕುಪ್ಪಂ,
ಪ್ರೀಮಿಯಂ ಕೇಳುತ್ತ ಹೊಸ್ತಿಲಲ್ಲಿ ನಿಂತು
ಕಣ್ಣು ಮಾತ್ರ ಒಳಗೆ ಕಳಿಸಿದವನು.
ಒಂದು ಸಿಕ್ಕಿದ್ದು ಕೋಳಿಗೂಡಿನ ಬಾಗಿಲಿಗೆ ಅಡ್ಡವಾಗಿ.
ಇನ್ನೊಂದರ ತುಂಬ ಕ್ಷೌರದಂಗಡಿಯ ಕೂದಲು.
ಮೂರನೆಯದರ ತೂತಿಗೆ ಬಟ್ಟೆ ತುರುಕಿ
ಕಾಂಪೌಂಡರೊಬ್ಬರು ರಾಗಿ ತುಂಬಿಟ್ಟಿದ್ದರು;
ಸ್ಟೀಲ್ ಡ್ರಮ್ಮು ಕೊಡಿಸಿದೆ, ನಾನೇ ಸುರಿದುಕೊಟ್ಟು ಬಂದೆ.
ಏಳು. ವರಾಂಡದಲ್ಲಿ ಸಾಲಾಗಿ ಏಳು.

ಬಿಳಿಯ ಮೇಲೆ ನೀಲಿ: ಸೇತುವೆ, ಬಾಗಿದ ಮರ,
ಎರಡು ಹಕ್ಕಿ, ನೀರು. ಎಲ್ಲದರಲ್ಲೂ ನೀರು.
ಇಷ್ಟೊಂದು ನೀರು ಎಲ್ಲಿಂದ ಬಂತೋ,
ಗಾಳಿ ಎದ್ದರೆ ಸಯನೈಡ್ ದಿಬ್ಬದ ಬಿಳಿಪುಡಿ
ಹಕ್ಕಿಗಳ ರೆಕ್ಕೆ ಮೇಲೆ ಬಂದು ಕೂರುವ ಈ ಊರಿಗೆ.
ಬೆಳಿಗ್ಗೆ ಹಳೇ ಪಂಚೆಯ ಚೂರಲ್ಲಿ ಒರೆಸುತ್ತೇನೆ.
'ಒಂದು ಕರಿಬೇವಾದರೂ ನೆಡಬಾರದಾ?' ಗಿರಿಜಾಂಬ.
ಬೇರು ಬಿಟ್ಟರೆ ಬಿರುಕು ಬಿಡುತ್ತೆ ಅನ್ನುತ್ತೇನೆ.
'ಎಲ್ಲರ ಮನೇಲಿ ದೋಸೆ ತೂತು,
ನಮ್ಮನೇಲಿ ಕುಂಡಾನೂ' ಅಂತ ಒಳಗೆ ಹೋಗುತ್ತಾಳೆ.

ಎಂಟನೆಯದು ಸವರಿಯಮ್ಮನದು.
ಚಾಂಪಿಯನ್ ರೀಫ್ಸಿನ ಲೈನ್‌ಮನೆ, ತಗಡಿನ ಮಾಡು,
ಅಡುಗೆಯ ಮೂಲೆಯಲ್ಲಿ ಕತ್ತಿನವರೆಗೂ ನೀರು,
ಮೇಲೆ ಮುಚ್ಚಿದ ಅಲ್ಯುಮಿನಿಯಂ ತಟ್ಟೆ.
ತಲೆಕೆಳಗು ಮಾಡುವ ಹಾಗಿರಲಿಲ್ಲ.
'ಸೋರಲ್ವಾ?' ಅಂದೆ.
'ಮಾವ ಮುಚ್ಚಿದ್ದು ಸಾರ್.'

ಬಂಗಲೆ ಖಾಲಿಯಾದಾಗ ದೊರೆಸಾನಿಯ ಕುಂಡ
ಯಾರಿಗೂ ಬೇಡವಾಗಿ ಮೆಟ್ಟಿಲ ಮೇಲೆ ಉಳಿದಿತ್ತಂತೆ.
ಸೈಕಲ್ಲಿಗೆ ಕಟ್ಟಿ ತಂದವರು
ಸಿಮೆಂಟು, ಸುಣ್ಣ, ಬೆಲ್ಲದ ನೀರು ಕಲಸಿ
ಮೂರು ಸಲ ಮೆತ್ತಿ, ಮೂರು ಸಲ ಒಣಗಿಸಿದರಂತೆ.
'ಮೂವತ್ತು ವರ್ಷ ಗಣಿ ಒಳಗೆ ಡ್ರಿಲ್ಲು ಹಿಡಿದ ಕೈ.
ಕೊರೆದ ತೂತಿಗೆ ಲೆಕ್ಕ ಇಲ್ಲ ಸಾರ್,
ಮುಚ್ಚಿದ್ದು ಇದೊಂದೇ.'
ನಲ್ಲಿ ವಾರಕ್ಕೊಮ್ಮೆ. ಮನೆಯಲ್ಲಿ ಆರು ಜನ.
'ಗಿಡಕ್ಕೆ ನೀರು ಇಳಿದುಹೋಗಬೇಕು. ನಮಗೆ ನಿಲ್ಲಬೇಕಿತ್ತು.'

ಮಗಳ ಪಾಲಿಸಿಗೆ ಎರಡು ಕಂತು ಬಾಕಿ ಇತ್ತು.
ಕಟ್ಟುತ್ತೇನೆ ಅಂದೆ.
ಅಂದಮೇಲೆ ಅವಳ ಮುಖ ನೋಡಲಿಲ್ಲ.
ಚೊಂಬಿನಲ್ಲಿ ತೋಡಿ ತೋಡಿ ಬಿಂದಿಗೆಗೆ ಸುರಿದಳು,
ಕೊನೆಯ ಚೊಂಬು ನನಗೇ ಕೊಟ್ಟಳು, ಕುಡಿಯಲು.

ಮನೆಗೆ ಬಂದು ಉಳಿ ಹಿಡಿದು ಕೂತೆ.
ಅಸಲು ರೂಪಕ್ಕೆ ತರಬೇಕಲ್ಲ.
ಈಗ ತಲೆಕೆಳಗು ಮಾಡಿದೆ: ಕಿರೀಟ, ಅಳಿಸಿದ ಊರು,
ನಡುವೆ ಸಿಮೆಂಟಿನ ಬಿಲ್ಲೆ,
ಬಿಲ್ಲೆಯ ಮೇಲೆ, ಹಸಿಯಿದ್ದಾಗ ಒತ್ತಿದ ಹೆಬ್ಬೆರಳು.
ಫಾರಮ್ಮುಗಳಲ್ಲಿ ಎಷ್ಟು ಜನರ ಹೆಬ್ಬೆಟ್ಟು ಒತ್ತಿಸಿಲ್ಲ ನಾನು,
ಸಹಿ ಕಂಡರೆ ಗೊತ್ತಾಗುತ್ತದೆ.

ಉಳಿ ಪೆಟ್ಟಿಗೆಯಲ್ಲಿದೆ.
ಗಿರಿಜಾಂಬ ಅದಕ್ಕೆ ನೀರು ತುಂಬಿದ್ದಾಳೆ, ಕೇಳದೆ;
ಗುಬ್ಬಿಯೊಂದು ಅಂಚಿಗೆ ಬಂದು
ನೀಲಿ ಹಕ್ಕಿಯ ತಲೆಯ ಮೇಲೇ ಕೂರುತ್ತದೆ.
ರಿಜಿಸ್ಟರಿನಲ್ಲಿ ಬರೆದೆ:
ಎಂಟು. ನೀಲಿ ಬಿಳಿ. ಕಂಠದಲ್ಲಿ ಸಣ್ಣ ಚಕ್ಕೆ ಎದ್ದಿದೆ.
ದೋಷ ಅನ್ನುವ ಕಾಲಮ್ಮಿನಲ್ಲಿ ಪೆನ್ನು ತುಸು ನಿಂತಿತು.
ತೂತಿಲ್ಲ, ಅಂತ ಬರೆದೆ.